ಪುಟಾಣಿ ಕಲಿತ ಮಾತು

ಫೆಬ್ರವರಿ 9

ತಮ್ಮನಿಗೆ,

ಆರು ವರ್ಷದ ಮೇಲೆ ನೀನು ನನಗೆ ಬರೆದ ಮೊದಲ ಕಾಗದ ಒಂದು ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದ ಚೀಟಿ. 'ಅಕ್ಕಾ, ಹಡಗಿನ ಅಡುಗೆ ಕೆಲಸ ಮತ್ತೆ ಸಿಕ್ಕಿತು. ಇವತ್ತೇ ಹತ್ತಬೇಕು. ಇವನ ಹೆಸರು ಪುಟಾಣಿ, ಸಾಧು ಪ್ರಾಣಿ. ಅಕ್ಟೋಬರಿಗೆ ಬರುತ್ತೇನೆ.' ಕೆಳಗೆ ಕಂಪನಿಯ ವಿಳಾಸ. ಬೆಳಿಗ್ಗೆ ಅಂಗಡಿ ತೆಗೆಯೋಣವೆಂದು ಇಳಿದು ಬಂದರೆ, ಕರುವಿನಷ್ಟು ದೊಡ್ಡ ಪುಟಾಣಿ ಮೆಟ್ಟಿಲಿನ ಕಂಬಿಗೆ ಕಟ್ಟಿಸಿಕೊಂಡು ಕೂತಿದ್ದಾನೆ. ಎರಡು ಮಹಡಿ ಹತ್ತಿ ಬಂದು ಬಾಗಿಲು ತಟ್ಟಲು ನಿನ್ನ ಕಾಲಿಗೇನಾಗಿತ್ತು?

ಮನುಷ್ಯರ ಮಟ್ಟಿಗೆ ಸಾಧುವೇ, ಒಪ್ಪಿದೆ. ಹೊಲಿಗೆಯಂತ್ರದ ಪಕ್ಕದಲ್ಲಿ ಮಲಗುತ್ತಾನೆ. ಅಳತೆ ಕೊಡಲು ಬಂದವರ ಪಾದದ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚುತ್ತಾನೆ. ಆದರೆ ಇನ್ನೊಂದು ನಾಯಿ ಕಣ್ಣಿಗೆ ಬಿದ್ದರೆ ಇವನು ಇವನಲ್ಲ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ನಿವೃತ್ತ ಲೆಕ್ಕದ ಮೇಷ್ಟ್ರು ಇದ್ದಾರೆ. ಅವರ ಹತ್ತಿರ ಬಿಳಿ ನಾಯಿಯೊಂದಿದೆ, ಅಂಗೈಯಗಲ. ಹತ್ತಿ ಉಂಡೆ ಎಂದೇ ನಾನು ಕರೆಯುವುದು. ನಿನ್ನೆ ಗೇಟಿನ ಹತ್ತಿರ ಅದನ್ನು ನೋಡಿ ನಿನ್ನ ಸಾಧು ಹಾರಿದ ಹಾರಾಟಕ್ಕೆ ನನ್ನ ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ. ಮೇಷ್ಟ್ರು ಉಂಡೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಗೋಡೆಗೆ ಅಂಟಿ ನಿಂತಿದ್ದರು. ಮಂಡಿ ತರಚಿದೆ.

ಇವನನ್ನು ಹೇಗೆ ನಿಭಾಯಿಸಬೇಕು, ಬರೆ. ಬರೆಯದಿದ್ದರೆ ಬೇರೆ ದಾರಿ ನೋಡುತ್ತೇನೆ.

ನಿನ್ನ ಅಕ್ಕ


ಮಾರ್ಚ್ 4

ಅಕ್ಕನಿಗೆ,

ಬೈಗುಳ ತಲುಪಿತು. ಹಡಗಿನ ಫೋನಿನಲ್ಲಿ ಅರ್ಧ ಮಾತು ಗಾಳಿಗೆ ಹೋಗುತ್ತದೆ, ಅದಕ್ಕೇ ಕಾಗದ.

ನಿನಗೆ ಹೇಳದೆ ಬಿಟ್ಟುಬಂದದ್ದು ತಪ್ಪು. ಮನೆ ಮಾಲೀಕ ಇಟ್ಟುಕೊಳ್ಳಲು ಒಪ್ಪಲಿಲ್ಲ. ಬಾಗಿಲು ತಟ್ಟಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಬೇಡ ಅನ್ನುವ ಹಕ್ಕು ನಿನಗಿತ್ತು, ಅದಕ್ಕೇ ತಟ್ಟಲಿಲ್ಲ.

ಬೇರೆ ನಾಯಿಗಳ ವಿಷಯ ಚೀಟಿಯಲ್ಲಿ ಬರೆಯಬೇಕಿತ್ತು. ಮರಿಯಾಗಿದ್ದಾಗ ಮಾರುಕಟ್ಟೆಯ ಹಿಂದೆ ಮೂರು ನಾಯಿ ಸೇರಿ ಇವನನ್ನು ಜಗ್ಗಾಡಿದ್ದವು. ಆಗಲೇ ನನಗೆ ಸಿಕ್ಕಿದ್ದು. ಅಲ್ಲಿಂದ ಹೀಗೆ. ನಾಲ್ಕು ವರ್ಷದಿಂದ ನಾನು ಮಾಡುವುದು ಇಷ್ಟೇ: ದೂರದಲ್ಲಿ ನಾಯಿ ಕಂಡ ತಕ್ಷಣ ಬಾರನ್ನು ಗಟ್ಟಿಯಾಗಿ ಸುತ್ತಿ ಹಿಡಿ, ಬಗ್ಗಿ ಅವನ ಕಿವಿಯ ಹತ್ತಿರ ಮೆಲ್ಲಗೆ 'ಏನೂ ಇಲ್ಲ, ಏನೂ ಇಲ್ಲ' ಅನ್ನು. ಅವನು ಹಾರಿದರೂ ಹೇಳುತ್ತಲೇ ಇರು. ಒಂದು ದಿನ ಅರ್ಥವಾಗುತ್ತದೆ.

ಇಲ್ಲಿ ಸಮುದ್ರ ಎದ್ದಾಗ ಪಾತ್ರೆಗಳನ್ನೆಲ್ಲ ಒಲೆಗೆ ಕಟ್ಟಿ ಅಡುಗೆ ಮಾಡುತ್ತೇನೆ. ಹತ್ತೊಂಬತ್ತು ಜನ. ಯಾರೂ ಉಪ್ಪಿನ ಬಗ್ಗೆ ತಕರಾರು ಎತ್ತಿಲ್ಲ.

ಅವನನ್ನು ಕಳಿಸಿಬಿಡಬೇಡ ಅಕ್ಕಾ. ದಡದ ಮೇಲೆ ನನ್ನ ದಾರಿ ಕಾಯುವುದು ಅವನೊಬ್ಬನೇ.

ತಮ್ಮ


ಮಾರ್ಚ್ 27

ತಮ್ಮನಿಗೆ,

ನಿನ್ನ ಮಂತ್ರ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಹತ್ತಿ ಉಂಡೆ ಮೂಲೆಯಲ್ಲಿ ಕಾಣಿಸುವ ಮುಂಚೆಯೇ, ಮೇಷ್ಟ್ರ ಕೆಮ್ಮು ಕೇಳಿಸಿದ ಕೂಡಲೇ, ಬಾರು ಸುತ್ತಿ 'ಏನೂ ಇಲ್ಲ' ಅನ್ನುತ್ತೇನೆ. ಇವನು ಮೊದಲು ಉಂಡೆಯನ್ನು ನೋಡಿದ ಮೇಲೆ ಹಾರುತ್ತಿದ್ದ. ಈಗ ನೋಡುವ ಮೊದಲೇ ಹಾರುತ್ತಾನೆ. ಇದು ಪ್ರಗತಿ ಅನ್ನುವುದಾದರೆ ಪ್ರಗತಿ ಜೋರಾಗಿಯೇ ಇದೆ.

ಸೋಮವಾರ ಹಾಲಿನವನ ನಾಯಿಯ ಕಿವಿ ಹರಿದ. ಹಾಲಿನವನು ಒಳ್ಳೆಯವನು, ಎರಡು ಮಾತಾಡಿ ಬಿಟ್ಟ. ಮೇಷ್ಟ್ರು ಬಿಡಲಿಲ್ಲ. ಕಟ್ಟಡದ ಸಂಘದಿಂದ ನೋಟೀಸು ಬಂದಿದೆ. ಸೆಪ್ಟೆಂಬರ್ ಕೊನೆಯೊಳಗೆ ನಾಯಿ ಸುಧಾರಿಸಬೇಕಂತೆ. ಸುಧಾರಿಸಿದೆ ಎಂದು ಸೆಕ್ರೆಟರಿಯ ಕಣ್ಣೆದುರಿಗೆ ತೋರಿಸಬೇಕಂತೆ: ಮೆಟ್ಟಿಲಿನಿಂದ ಗೇಟಿನ ತನಕದ ಓಣಿಯಲ್ಲಿ ಇವನು ಹತ್ತಿ ಉಂಡೆಯ ಪಕ್ಕದಲ್ಲಿ ಸುಮ್ಮನೆ ಹಾದುಹೋಗಬೇಕು. ಇಲ್ಲವಾದರೆ ಪುರಸಭೆಯ ನಾಯಿದೊಡ್ಡಿಗೆ. ಅಲ್ಲಿಗೆ ಹೋಗಿ ನೋಡಿ ಬಂದೆ. ಹದಿನೈದು ದಿನ ಇಟ್ಟುಕೊಳ್ಳುತ್ತಾರೆ. ಕಚ್ಚುವ ನಾಯಿಯನ್ನು ಅಷ್ಟು ದಿನವೂ ಇಡುವುದಿಲ್ಲ ಎಂದು ಅಲ್ಲಿಯವನು ತಗ್ಗಿದ ದನಿಯಲ್ಲಿ ಹೇಳಿದ.

ಓಣಿಯನ್ನು ನನ್ನ ಟೇಪಿನಿಂದ ಅಳೆದೆ. ಉದ್ದ ನಲವತ್ತಡಿ, ಅಗಲ ಐದಡಿ. ನೀನು ಬರುವುದು ಅಕ್ಟೋಬರಿಗೆ.

ಅಕ್ಕ


ಏಪ್ರಿಲ್ 21

ತಮ್ಮನಿಗೆ,

ಎರಡೇ ಸಾಲು. ಪುಟಾಣಿ ಚೆನ್ನಾಗಿದ್ದಾನೆ, ಉಣ್ಣುತ್ತಾನೆ. ಅಕ್ಷರ ಸೊಟ್ಟಗಿದೆ ಎಂದು ತಲೆ ಕೆಡಿಸಿಕೊಳ್ಳಬೇಡ. ಏನೂ ಇಲ್ಲ, ಪೆನ್ನು ಸರಿಯಿಲ್ಲ.

ಅಕ್ಕ


ಮೇ 18

ಅಕ್ಕನಿಗೆ,

ನಿನ್ನ ಕಾಗದ ಒಡೆದು ಓದಿದೆ. ಪೆನ್ನು ಸರಿಯಿಲ್ಲದಿದ್ದರೆ ಶಾಯಿ ನಿಲ್ಲುತ್ತದೆ, ಅಕ್ಷರ ಒಂದನೇ ಕ್ಲಾಸಿನ ಮಗುವಿನದಾಗುವುದಿಲ್ಲ. ನೀನು ಎಡಗೈಯಲ್ಲಿ ಬರೆದಿದ್ದೀಯ. ಬಲಗೈಗೆ ಏನಾಯಿತು?

ಅವನು ಕಚ್ಚಿದನೇ? ಹೌದಾದರೆ ನೋಟೀಸಿನ ಗಡುವಿಗೆ ಕಾಯಬೇಡ, ದೊಡ್ಡಿಗೆ ಕಳಿಸಿಬಿಡು. ಇದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ನಿನ್ನ ಬಲಗೈ ನಿನ್ನ ಅನ್ನ.

ಈ ಸಲ ನಿಜ ಬರೆ.

ತಮ್ಮ


ಜೂನ್ 9

ತಮ್ಮನಿಗೆ,

ನಿಜ ಬರೆಯುತ್ತೇನೆ. ಉದ್ದವಾಗುತ್ತದೆ, ಒಲೆ ಸಣ್ಣ ಮಾಡಿ ಕೂತುಕೋ.

ಏಪ್ರಿಲ್ ಹನ್ನೆರಡಕ್ಕೆ ಗೇಟಿನಲ್ಲಿ ಎರಡು ನಾಯಿ ಒಟ್ಟಿಗೆ ಬಂದವು. ಇವನು ಹಿಂಗಾಲಿನ ಮೇಲೆ ಎದ್ದ. ನಾನು ಕೊರಳಪಟ್ಟಿಗೆ ಕೈ ಹಾಕಿದೆ. ತಿರುಗಿ ಕಚ್ಚಿದ, ಯಾರ ಕೈ ಎಂದೂ ನೋಡಲಿಲ್ಲ. ಹೆಬ್ಬೆರಳಿನ ಬುಡಕ್ಕೆ ಏಳು ಹೊಲಿಗೆ. ಊರಿಗೆಲ್ಲ ಹೊಲಿಗೆ ಹಾಕುವವಳಿಗೆ ಬೇರೆಯವರು ಹೊಲಿಗೆ ಹಾಕಿದರು, ಅದೂ ನೆಟ್ಟಗೆ ಬಂದಿಲ್ಲ. ಕಚ್ಚಿದ ಮೇಲೆ ಅವನು ಕಟಿಂಗ್ ಮೇಜಿನ ಕೆಳಗೆ ಹೋಗಿ ಎರಡು ದಿನ ಹೊರಗೆ ಬರಲಿಲ್ಲ. ಅನ್ನ ಮುಟ್ಟಲಿಲ್ಲ. ಕಳಿಸಬೇಕೆಂದು ನಾನೂ ಅಂದುಕೊಂಡೆ, ಸುಳ್ಳೇಕೆ ಹೇಳಲಿ. ಮೂರನೆಯ ದಿನ ಬಂದು ಬ್ಯಾಂಡೇಜಿನ ಮೇಲೆ ಗದ್ದ ಇಟ್ಟ. ಹೋಗಲಿ ಎಂದುಬಿಟ್ಟೆ.

ಸೂಜಿ ಹಾಕಿಸಲು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿಯ ಕಾಂಪೌಂಡರ್ ಹೆಂಗಸು ನನ್ನ ಕೈ ನೋಡಿ ಎಲ್ಲ ವಿಚಾರಿಸಿದರು. ಭಾನುವಾರ ತಮ್ಮ ನಾಯಿಯನ್ನು ಕರೆದುಕೊಂಡು ಬಂದರು. ಹದಿಮೂರು ವರ್ಷದ ಹೆಣ್ಣು ನಾಯಿ. ಅದನ್ನು ಅಜ್ಜಿ ಎಂದೇ ಕರೆಯುತ್ತಾರೆ. ಆಕಾಶ ಕಳಚಿ ಬಿದ್ದರೂ ಅಜ್ಜಿ ಕಿವಿ ಅಲ್ಲಾಡಿಸುವುದಿಲ್ಲ. ಅಜ್ಜಿಯನ್ನು ರಸ್ತೆಯ ಆ ತುದಿಯಲ್ಲಿ ಕೂರಿಸಿ, "ಅಮ್ಮಾ, ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ನಾನು ನೋಡ್ತೀನಿ" ಅಂದರು. ನಾನು ಬಾರು ಸುತ್ತಿದೆ, ಬಗ್ಗಿದೆ, ಮಂತ್ರ ಹೇಳಿದೆ. ಇವನು ಎಂದಿನಂತೆ ಹಾರಿದ.

ಆ ಹೆಂಗಸು ಗಲ್ಲಕ್ಕೆ ಬೆರಳಿಟ್ಟುಕೊಂಡು ನಿಂತರು. "ಈಗ ಅವನ ಕಿವೀಲಿ ಏನಂದ್ರಿ?"

"ಏನೂ ಇಲ್ಲ ಅಂದೆ."

"ಬೇರೆ ಹೊತ್ತಲ್ಲಿ ಯಾವಾಗಾದ್ರೂ ಅಂತೀರಾ?"

ಇಲ್ಲ, ನಾಯಿ ಬಂದಾಗ ಮಾತ್ರ ಅಂದೆ. "ಒಳಗೆ ಬನ್ನಿ" ಎಂದು ನನ್ನನ್ನೂ ಇವನನ್ನೂ ಅಂಗಡಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು, ಕಿಟಕಿಯ ಪರದೆ ಎಳೆದರು. ಇವನು ಮೇಜಿನ ಕೆಳಗೆ ಮಲಗಿ ಆಕಳಿಸುತ್ತಿದ್ದ. "ಈಗ ಹೇಳಿ ನೋಡೋಣ" ಅಂದರು.

ಮೆಲ್ಲಗೆ 'ಏನೂ ಇಲ್ಲ' ಅಂದೆ. ತಮ್ಮಾ, ಅವನು ಎದ್ದು ನಿಂತ. ಬೆನ್ನಿನ ಕೂದಲು ಕುತ್ತಿಗೆಯಿಂದ ಬಾಲದ ತನಕ ಎದ್ದಿತು. ಬಾಗಿಲಿನ ಕಡೆ ಮುಖ ಮಾಡಿ ಗುರುಗುಟ್ಟತೊಡಗಿದ. ಅಲ್ಲಿ ಯಾವ ನಾಯಿಯೂ ಇರಲಿಲ್ಲ.

"ನಿಮಗದು ಸಮಾಧಾನ. ಅವನಿಗೆ ಸೈರನ್ನು" ಅಂದರು ಆಕೆ. "ಬಾರು ಬಿಗಿದ್ರೆ, ಈ ಮಾತು ಕೇಳಿದ್ರೆ, ಏನೋ ಬರ್ತಿದೆ ಅಂತ ಅವನಿಗೆ ಗೊತ್ತು. ಅಕ್ಕ ತಮ್ಮ ಸೇರಿ ನಾಲ್ಕು ವರ್ಷ ಪಾಠ ಮಾಡಿದ್ದೀರಲ್ಲ. ಪಾಪ, ಚೆನ್ನಾಗಿ ಕಲಿತಿದ್ದಾನೆ."

ಅವರು ಹೋದ ಮೇಲೆ ನಾನು ಕುರ್ಚಿಯಿಂದ ಏಳಲಿಲ್ಲ. ಈ ಮಾತನ್ನು ನೀನು ಎಲ್ಲಿಂದ ಕಲಿತೆ ಎಂದು ನನಗೆ ಗೊತ್ತು. ಸಂಜೆ ಅಪ್ಪ ಕುಡಿದು ಮೆಟ್ಟಿಲು ಹತ್ತುವ ಸಪ್ಪಳ ಕೇಳಿದ ಕೂಡಲೇ ಅಮ್ಮ ನಮ್ಮಿಬ್ಬರ ತೋಳು ಗಟ್ಟಿಯಾಗಿ ಹಿಡಿದು 'ಏನೂ ಇಲ್ಲ, ಏನೂ ಇಲ್ಲ' ಅನ್ನುತ್ತಿದ್ದಳು. ನಾವು ಮಂಚದ ಕೆಳಗೆ ತೂರುತ್ತಿದ್ದೆವು. ನೀನು ಅಳದ ಹಾಗೆ ನಿನ್ನ ಬಾಯಿಗೆ ನನ್ನ ಕೈ. ಎಷ್ಟೋ ಸಲ ನಮಗೆ ಸಪ್ಪಳ ಕೇಳಿರುತ್ತಿರಲಿಲ್ಲ, ಅಮ್ಮನ ಮಾತು ಕೇಳಿದರೆ ಸಾಕಾಗಿತ್ತು. ಅವಳು ನಮಗೆ ಕೊಟ್ಟಳು, ನೀನು ನಾಯಿಗೆ ಕೊಟ್ಟೆ. ನಾನು ನಿನಗೆ ಏಪ್ರಿಲಿನಲ್ಲಿ ಬರೆದು ಕಳಿಸಿದೆ.

ಇನ್ನು ಮೇಲೆ ಈ ಮನೆಯಲ್ಲಿ ಆ ಮಾತಿಲ್ಲ. ಪುಟಾಣಿ ಎಲ್ಲಿಗೂ ಹೋಗುವುದಿಲ್ಲ.

ನಿನ್ನ ಅಕ್ಕ


ಜುಲೈ 5

ಅಕ್ಕನಿಗೆ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಬೇಳೆ ತಳ ಹಿಡಿಯಿತು. ಹತ್ತೊಂಬತ್ತು ಜನ ಅದನ್ನೇ ತಿಂದರು.

ನಾನೂ ಒಂದು ನಿಜ ಬರೆಯಬೇಕು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನು ಬಂದರಿನಿಂದ ಫೋನು ಮಾಡಿ ಡಾಕ್ಟರ್ ಏನಂದರು ಎಂದು ಕೇಳಿದೆ. ಏನೂ ಇಲ್ಲ, ನೀನು ಹೋಗಿ ಬಾ ಅಂದೆ ನೀನು. ನಾನು ಹಡಗು ಹತ್ತಿದೆ. ಒಂಬತ್ತನೆಯ ದಿನ ಅಮ್ಮ ಹೋದಳು. ಅಕ್ಕ ಸುಳ್ಳು ಹೇಳಿ ನನಗೆ ಅಮ್ಮನ ಮುಖ ತಪ್ಪಿಸಿದಳು ಎಂದು ಆರು ವರ್ಷ ಎಲ್ಲರ ಮುಂದೆಯೂ ಹೇಳಿಕೊಂಡು ತಿರುಗಿದೆ. ನಿನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ.

ಅಕ್ಕಾ, ನನಗೆ ಗೊತ್ತಿತ್ತು. ನಿನ್ನ ಬಾಯಿಂದ ಆ ಮಾತು ಬಂದ ಕ್ಷಣವೇ ಗೊತ್ತಾಯಿತು. ಪುಟಾಣಿಗೆ ಗೊತ್ತಾದ ಹಾಗೆಯೇ, ಮೈಯ ಕೂದಲು ಎದ್ದು ಗೊತ್ತಾಯಿತು. ಗೊತ್ತಿದ್ದೂ ಹತ್ತಿದೆ. ಅಮ್ಮ ಸಾಯುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ನಿನ್ನ ಸುಳ್ಳು ನನಗೆ ಅನುಕೂಲವಾಯಿತು. ಆಮೇಲೆ ಆ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ, ಯಾಕೆಂದರೆ ಅದು ಇನ್ನೂ ಅನುಕೂಲ. ನಾಯಿಯನ್ನು ಕಂಬಿಗೆ ಕಟ್ಟಿ ಓಡಿದವನು ಅವತ್ತೂ ಹಾಗೇ ಓಡಿದ್ದ.

ಕ್ಷಮಿಸು ಅನ್ನಲು ನಾಚಿಕೆಯಾಗುತ್ತದೆ, ಆದರೂ ಅನ್ನುತ್ತೇನೆ. ಆ ಒಂಬತ್ತು ದಿನ ಏನಾಯಿತು ಎಂದು ನಿನಗೆ ಮನಸ್ಸು ಬಂದಾಗ ಬರೆ. ಓದುತ್ತೇನೆ.

ತಮ್ಮ


ಆಗಸ್ಟ್ 11

ತಮ್ಮನಿಗೆ,

ನೀನು ಕೇಳಿದ್ದನ್ನು ಈಗಲ್ಲ, ಮುಂದೆ ಬರೆಯುತ್ತೇನೆ. ಕೋಪದಿಂದಲ್ಲ. ಕೋಪ ಇತ್ತು, ನಿನ್ನ ಕಾಗದ ಓದಿ ಎರಡು ದಿನ ನಿನ್ನನ್ನು ಮನಸ್ಸಿನಲ್ಲೇ ಚೆನ್ನಾಗಿ ಝಾಡಿಸಿದೆ. ಮೂರನೆಯ ದಿನ ಸುಸ್ತಾಯಿತು.

ಪುಟಾಣಿಯ ವಿಷಯ ಕೇಳು. ಕಾಂಪೌಂಡರ್ ಹೇಳಿದ ದಾರಿ ಬಹಳ ಸರಳ, ಬಹಳ ಬೇಜಾರಿನದು. ನಾಯಿ ಕಂಡಾಗ ನಾಯಿ ಎಂದೇ ಹೇಳಬೇಕು. ಹಾಲಿನವನು ಬಂದ ಅನ್ನುವಷ್ಟು ಸಾಧಾರಣ ದನಿಯಲ್ಲಿ, "ನಾಯಿ ಬಂತು, ನೋಡು." ಅವನು ನೋಡಿ ನನ್ನ ಕಡೆ ತಿರುಗಿದರೆ ಒಂದು ತುಂಡು ಬೇಯಿಸಿದ ಈಲಿ, ಕುರಿಯ ಲಿವರು. ಬಾರು ಸಡಿಲವಾಗಿಯೇ ಇರಬೇಕು. ಅವನು ಗುರ್ ಅಂದರೆ ನಾವು ತೀರಾ ಹತ್ತಿರ ಬಂದಿದ್ದೇವೆ ಎಂದರ್ಥ. ಬೈಯದೆ ಹಿಂದಕ್ಕೆ ಹೋಗಬೇಕು.

ಅಜ್ಜಿಯನ್ನು ರಸ್ತೆಯ ತುದಿಯಲ್ಲಿ ಕೂರಿಸುತ್ತಾರೆ. ಇವನು ಸಮಾಧಾನವಾಗಿ ನಿಲ್ಲುವ ಜಾಗಕ್ಕೆ ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇನೆ. ಮೊದಲ ಗೆರೆ ನೂರಿಪ್ಪತ್ತು ಅಡಿಗೆ. ಒಂದು ವಾರದಲ್ಲಿ ಹತ್ತಡಿ ಮುಂದೆ ಹೋದರೆ ಅದೇ ದೊಡ್ಡದು. ಒಮ್ಮೆ ಅವಸರಪಟ್ಟು ಇಪ್ಪತ್ತಡಿ ದಾಟಿಸಿದೆ, ಹದಿನೈದು ದಿನದ ಕೆಲಸ ನೀರುಪಾಲಾಯಿತು. ಈಗ ಮೂವತ್ತಡಿಗೆ ನಿಂತಿದ್ದೇವೆ. ನಮಗೆ ಬೇಕಾದದ್ದು ಐದಡಿ. ಉಳಿದಿರುವುದು ಏಳು ವಾರ.

ಬಾರು ಸಡಿಲ ಬಿಡುವುದು ಅವನಿಗಿಂತ ನನಗೆ ಕಷ್ಟ. ನಾಯಿ ಕಂಡರೆ ಸಾಕು, ನನ್ನ ಕೈ ತಾನಾಗಿ ಮುಷ್ಟಿ ಕಟ್ಟುತ್ತದೆ. "ಅವನು ಕಲಿತ, ನೀವು ಇನ್ನೂ ಕಲೀಲಿಲ್ಲ" ಎಂದು ಆಕೆ ದಿನಾ ಹಂಗಿಸುತ್ತಾರೆ. ಏಪ್ರನ್ನಿನ ಜೇಬಿನ ತುಂಬ ಈಲಿ. ಮದುವೆಯ ಕೋಟು ಪಡೆಯಲು ಬಂದವರೊಬ್ಬರು ಕೋಟನ್ನು ಎರಡು ಸಲ ಮೂಸಿ ನೋಡಿ, ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು.

ನನ್ನ ಹೆಬ್ಬೆರಳಿನ ನಿಜ: ಪೂರ್ತಿ ಮಡಚುವುದಿಲ್ಲ. ಇನ್ನು ಮಡಚುವುದೂ ಇಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ದಪ್ಪ ಬಟ್ಟೆಗೆ ಕತ್ತರಿ ಆಡಿಸಲಾಗುತ್ತಿಲ್ಲ. ಆ ಕೋಟೇ ಕೊನೆಯದು. ಇನ್ನು ಪರದೆ, ದಿಂಬಿನ ಚೀಲ, ಹಳೆಯ ಬಟ್ಟೆ ಸರಿಮಾಡುವುದು. ಒಂದು ಸಂಜೆ ಕೂತು ಅತ್ತೆ. ಆಮೇಲೆ ಎಡಗೈಯ ಕತ್ತರಿ ಕೊಂಡು ತಂದೆ.

ಅಕ್ಕ


ಸೆಪ್ಟೆಂಬರ್ 29

ತಮ್ಮನಿಗೆ,

ನಿನ್ನ ನಾಯಿ ಪಾಸಾದ. ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ನೀನು ಕೊನೆಯ ಹಾಳೆಗೆ ಹಾರುತ್ತೀಯ.

ಭಾನುವಾರ ಹತ್ತು ಗಂಟೆಗೆ. ಕಾಂಪೌಂಡರ್‌ಗೆ ಡ್ಯೂಟಿ, ಬರಲಾಗಲಿಲ್ಲ. ಸೆಕ್ರೆಟರಿ ಕಾಗದ ಪೆನ್ನು ಹಿಡಿದು ಗೇಟಿನಲ್ಲಿ ನಿಂತರು. ಆ ಕಡೆಯಿಂದ ಮೇಷ್ಟ್ರು ಹತ್ತಿ ಉಂಡೆಯನ್ನು ನಡೆಸಿಕೊಂಡು ಬರಬೇಕು, ಈ ಕಡೆಯಿಂದ ನಾವು. ಮೇಷ್ಟ್ರ ಮುಖ ಬಿಳಿಚಿತ್ತು. ಈ ಮನುಷ್ಯ ನನ್ನ ಶತ್ರು ಎಂದು ಅಲ್ಲಿಯತನಕ ಅಂದುಕೊಂಡಿದ್ದೆ. ಅವರಿಗೂ ಇರುವುದು ಆ ಉಂಡೆ ಒಂದೇ ಎಂದು ಅವತ್ತು ಕಂಡಿತು.

ಇಪ್ಪತ್ತಡಿ, "ನಾಯಿ ಬಂತು, ನೋಡು." ನೋಡಿದ, ತಿರುಗಿದ, ತಿಂದ. ಹತ್ತಡಿಯಲ್ಲಿಯೂ ಹಾಗೆಯೇ. ಇನ್ನೇನು ಪಕ್ಕಕ್ಕೆ ಬಂದೆವು, ನಡುವೆ ಮೂರಡಿಯೂ ಇಲ್ಲ. ಹೆದರಿದ ಮೇಷ್ಟ್ರು ತಮ್ಮ ಉಂಡೆಯ ಕಡೆ ಬಗ್ಗಿದರು. ಬಗ್ಗಿ, ಏನು ಹೇಳಿದರು ಗೊತ್ತೇ?

"ಏನೂ ಇಲ್ಲ ಮರೀ, ಏನೂ ಇಲ್ಲ."

ಪುಟಾಣಿ ನಿಂತುಬಿಟ್ಟ. ಬೆನ್ನಿನ ಕೂದಲು ಎದ್ದಿತು. ಗಂಟಲಿನಲ್ಲಿ ಗುರ್ ಹುಟ್ಟಿತು. ಮುಗಿಯಿತು ಅಂದುಕೊಂಡೆ. ಇಷ್ಟು ತಿಂಗಳ ಪಾಠವನ್ನೆಲ್ಲ ಮರೆತು ನನ್ನ ಬಲಗೈ ಬಾರನ್ನು ಬಿಗಿಯಲು ಹೋಯಿತು. ಆಗಲಿಲ್ಲ. ಹೆಬ್ಬೆರಳು ಮಡಚಲಿಲ್ಲ. ಬಾರು ನನ್ನ ಬೆರಳ ಮೇಲೆ ಸಡಿಲವಾಗಿ ಜೋತುಬಿದ್ದೇ ಇತ್ತು. ಬಿಗಿ ಬರುತ್ತದೆಂದು ಅವನು ಕಾದ. ಬರಲಿಲ್ಲ. ತಲೆಯೆತ್ತಿ ನನ್ನ ಮುಖ ನೋಡಿದ.

"ನಾಯಿ ಬಂತು, ನೋಡು" ಅಂದೆ. ಅವನು ಉಂಡೆಯನ್ನು ಒಂದು ಸಲ ನೋಡಿ ಬಂದು ನನ್ನ ಜೇಬಿಗೆ ಮೂತಿ ತೂರಿಸಿದ. ಇದ್ದ ಈಲಿಯನ್ನೆಲ್ಲ ಅವನ ಬಾಯಿಗೆ ಸುರಿದೆ. ಅಷ್ಟರಲ್ಲಿ ಮೇಷ್ಟ್ರು ದಾಟಿದ್ದರು.

ಗುರ್ ಅಂದದ್ದನ್ನು ಬರೆದುಕೊಳ್ಳಬೇಕೇ ಬೇಡವೇ ಎಂದು ಸೆಕ್ರೆಟರಿ ಪೆನ್ನು ಕಚ್ಚಿಕೊಂಡು ನಿಂತರು. "ಗುರ್ ಅಂದದ್ದು ನಾನು, ಗಂಟಲು ಕಟ್ಟಿದೆ" ಅಂದರು ಮೇಷ್ಟ್ರು. ಸೆಕ್ರೆಟರಿ ಸಹಿ ಹಾಕಿದರು.

ಈಗ ನೀನು ಕೇಳಿದ್ದು.

ಅಮ್ಮನಿಗೆ ಹತ್ತು ದಿನ ಎಂದು ಡಾಕ್ಟರ್ ನನಗೆ ಹೇಳಿದ್ದರು. ನಿನಗೆ ಹೇಳಲಿಲ್ಲ. ನೀನು ಬರುತ್ತೀಯ, ನಿನ್ನ ಕೆಲಸ ಹೋಗುತ್ತದೆ, ಅದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿದರೂ ನೀನು ಬಾರದೆ ಹೋದರೆ ಎಂಬ ಭಯವೂ ಇತ್ತು. ನೀನೊಬ್ಬನೇ ಓಡಿದ್ದಲ್ಲ. ಅಮ್ಮನಿಗೆ ನೋವು ಇದ್ದದ್ದು ಮೊದಲ ನಾಲ್ಕು ದಿನ. ಆಮೇಲೆ ಔಷಧಿ ಜಾಸ್ತಿ ಮಾಡಿದರು, ನಿದ್ದೆಯಲ್ಲೇ ಇದ್ದಳು. ಎಂಟನೆಯ ದಿನ ಮಧ್ಯಾಹ್ನ ಚೆನ್ನಾಗಿ ಎಚ್ಚರವಾಯಿತು. ನಿನ್ನನ್ನು ಕೇಳಿದಳು. ಹಡಗಿನಲ್ಲಿದ್ದಾನೆ ಅಂದೆ. ಆಮೇಲೆ, "ಡಾಕ್ಟರ್ ಏನಂದ್ರೇ?" ಅಂದಳು.

ನಾನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು "ಏನೂ ಇಲ್ಲಮ್ಮ, ಏನೂ ಇಲ್ಲ" ಅಂದೆ.

ಅಮ್ಮ ನನ್ನನ್ನೇ ನೋಡಿದಳು. ನಕ್ಕಳು ತಮ್ಮಾ, ನಿಜವಾಗಿ ನಕ್ಕಳು. "ನನ್ನ ಮಾತನ್ನ ನನಗೇ ಹೇಳ್ತೀಯೇನೇ?" ಅಂದಳು. ಆಮೇಲೆ, "ಕೈ ಸಡಿಲ ಬಿಡು, ನೋಯ್ತಿದೆ" ಅಂದಳು. ಅವಳಾಡಿದ ಕೊನೆಯ ಮಾತು ಅದೇ. ಮಾರನೆಯ ದಿನ ಬೆಳಿಗ್ಗೆ ಹೋದಳು.

ಇಷ್ಟೇ ಆದದ್ದು. ಇಷ್ಟನ್ನು ಆರು ವರ್ಷದ ಹಿಂದೆಯೇ ಬರೆಯಬಹುದಿತ್ತು.

ಹದಿನಾಲ್ಕಕ್ಕೆ ಬರುತ್ತೀಯಂತೆ, ಕಂಪನಿಯಿಂದ ತಿಳಿಯಿತು. ಗೇಟು ತೆರೆದಿರುತ್ತದೆ. ಎರಡು ಮಹಡಿಯನ್ನೂ ಹತ್ತಿ ಬಾ, ಕೆಳಗಿನಿಂದ ಕೂಗಬೇಡ. ಹೆಜ್ಜೆ ಸಪ್ಪಳ ಮಾಡಿಕೊಂಡೇ ಹತ್ತು. ಈ ಮನೆಯಲ್ಲಿ ಈಗ ಯಾರೂ ಮಂಚದ ಕೆಳಗೆ ಹೋಗುವುದಿಲ್ಲ.

ನಿನ್ನ ಅಕ್ಕ